ಅಚ್ಚಿನ ಚಿತ್ರಗಳಲ್ಲಿ ಸ್ತ್ರೀಜೀವನ: ಎದೊ ಮತ್ತು ಮೈಸೂರು

ಚಿತ್ರವು ಅರಮನೆಯನ್ನು ದಾಟಿ ಸಾಮಾನ್ಯರ ಮನೆಯನ್ನು ಸೇರಬೇಕಾದರೆ ಅದು ಅಚ್ಚಾಗಬೇಕು. ಜಪಾನಿನ ಎದೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಈ ಕಾರ್ಯವನ್ನು ನೆರವೇರಿಸಿದ್ದು ಮರದ ಹಲಗೆ. ತೇಗ, ಬೀಟೆಗಳ ಗುಣವನ್ನು ಬಲ್ಲ ತಿತಿಮತಿಯ ಜನರಿಗೆ ಅಲ್ಲಿನ ಕೆತ್ತನೆಗಾರರ ಆಯ್ಕೆ ಕುತೂಹಲವನ್ನು ಉಂಟುಮಾಡೀತು: ಕೂದಲೆಳೆಯಂಥ ಗೆರೆಯನ್ನೂ ಮುಕ್ಕಾಗದಂತೆ ಹಿಡಿದಿಡುವ ಕಾಡುಚೆರಿಯ ಮರವನ್ನು ಅವರು ಬಳಸುತ್ತಿದ್ದರು. 1765ರ ಸುಮಾರಿಗೆ, ಬಣ್ಣಕ್ಕೊಂದು ಹಲಗೆಯಂತೆ ಕೊರೆದು ಬಹುವರ್ಣದ ಪಟಗಳನ್ನು ಮುದ್ರಿಸುವ ಪದ್ಧತಿ ನೆಲೆಗೊಂಡಿತು.

ಆ ಪಟಗಳಲ್ಲಿ ಹೇರಳವಾಗಿ ಕಾಣಬರುವವರು ಸ್ತ್ರೀಯರು. ಅವರಲ್ಲಿ ಗಣಿಕೆಯರೇ ಬಹುಮಂದಿ ಎಂಬುದೂ ನಿಜ. ಆದರೆ 1806ರಲ್ಲಿ ತೀರಿಕೊಂಡ ಉತಮಾರೊ ಎಂಬ ಕಲಾವಿದನು ಅಡುಗೆಮನೆಯನ್ನೂ ಚಿತ್ರಿಸಿದನು. ಒಬ್ಬಳು ಬಿದಿರಿನ ಊದುಗೊಳವೆಯಿಂದ ಒಲೆ ಊದುತ್ತಿದ್ದಾಳೆ. ಇನ್ನೊಬ್ಬಳು ಆವಿಗೆ ಮುಖ ಕಿವಿಚಿದ್ದಾಳೆ. ಮಗದೊಬ್ಬಳ ಬೆನ್ನಿಗೆ ಮಗುವೊಂದು ಅಂಟಿಕೊಂಡಿದೆ. ನಮ್ಮ ಹಳ್ಳಿಯ ಯಾವ ಗೃಹಿಣಿಗೂ ಇದಕ್ಕೆ ವ್ಯಾಖ್ಯಾನ ಬೇಕಾಗದು. ರೇಷ್ಮೆಹುಳು ಸಾಕುವ ಹೆಂಗಸರ ದುಡಿಮೆಯನ್ನು ಅವನು 12 ಹಾಳೆಗಳಲ್ಲಿ ಬಿಡಿಸಿದ್ದಾನೆ.

ಅಸಾಕುಸ ದೇವಾಲಯದ ಬಳಿಯ ಚಹದಂಗಡಿಯ ಹುಡುಗಿ ಒಕಿತಾ ಇವನ ಪಟಗಳಿಂದ ನಗರಕ್ಕೆಲ್ಲ ಪರಿಚಿತಳಾದಳು. ಸರಕಾರಕ್ಕೆ ಇದು ಸರಿದೋರಲಿಲ್ಲ. ಗಣಿಕೆಯರ ಹೊರತು ಬೇರೆ ಸ್ತ್ರೀಯರ ಹೆಸರನ್ನು ಪಟದಲ್ಲಿ ಬರೆಯಕೂಡದೆಂದು 1793ರಲ್ಲಿ ಆಜ್ಞೆಯಾಯಿತು. ಚಿತ್ರಕಾರರು ಹೆಸರನ್ನು ಒಗಟಿನ ಚಿತ್ರವಾಗಿಸಿ ಪಟದ ಮೂಲೆಯಲ್ಲಿ ಅಡಗಿಸಿಟ್ಟರು! 1796ರಲ್ಲಿ ಅದಕ್ಕೂ ನಿಷೇಧ ಬಂದಿತು. ಮುಖ ಉಳಿಯಬಹುದು, ಹೆಸರು ಉಳಿಯಬಾರದು ಎಂಬುದೇ ಆ ಆಜ್ಞೆಯ ತಾತ್ಪರ್ಯ.

ನಮ್ಮಲ್ಲಿ ಇಂತಹ ಆಜ್ಞೆಯ ಅಗತ್ಯವೇ ಬೀಳಲಿಲ್ಲ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಲ್ಲಿ ಮರದ ಸ್ಥಾನವನ್ನು ಕಲ್ಲು ಪಡೆದಿತ್ತು. ಇಲ್ಲಿಯೂ ಬಣ್ಣಕ್ಕೊಂದು ಕಲ್ಲು. ಅಲ್ಲಿಂದ ಹೊರಟ ಲಕ್ಷ್ಮೀ, ಸರಸ್ವತಿಯರು ಕನ್ನಡದ ಮನೆಮನೆಯ ಗೋಡೆಯನ್ನೇರಿದರು. ದೇವರ ಪಟ ಬಡವನ ಮನೆಗೂ ಎಟುಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಕಲಾವಿದನ ಮುಂದೆ ಕುಳಿತ ಹೆಣ್ಣು ಪಟದಲ್ಲಿ ದೇವಿಯೋ ಶಕುಂತಲೆಯೋ ದಮಯಂತಿಯೋ ಆಗಿ ಬಂದಳು. ಆ ಪಟಕ್ಕೆ ನಿತ್ಯ ದೀಪ ಹಚ್ಚಿದ, ಒಲೆ ಊದಿದ ಹೆಂಗಸು ಕಾಗದಕ್ಕೆ ಇಳಿದದ್ದು ಅಪರೂಪ.

ಮೈಸೂರು ಅರಮನೆಗಾಗಿ ರವಿವರ್ಮನು ಬರೆದ ವರ್ಣಚಿತ್ರವೊಂದು ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿದೆ. ಬೇರೆಬೇರೆ ಪ್ರಾಂತಗಳ ಉಡುಗೆ ತೊಟ್ಟ 11 ಮಂದಿ ಸ್ತ್ರೀಯರು ಅದರಲ್ಲಿ ವಾದ್ಯಗೋಷ್ಠಿಗೆ ನೆರೆದಿದ್ದಾರೆ. ಸೀರೆಯ ಅಂಚು, ವೀಣೆಯ ತಂತಿ, ಕಿವಿಯ ಓಲೆ ಎಲ್ಲವೂ ಸ್ಪಷ್ಟ. ಪ್ರಾಂತವನ್ನು ಉಡುಗೆಯಿಂದಲೇ ಗುರುತಿಸಬಹುದು. ಅವರನ್ನು ಹೆಸರಿಟ್ಟು ಕರೆಯಲು ಮಾತ್ರ ಚಿತ್ರದಲ್ಲಿ ಒಗಟಿನಷ್ಟೂ ಸುಳಿವಿಲ್ಲ.