ಅದು ಮಗುವಿನ ಚಾಳಿಯಲ್ಲ

'ಡಾಕ್ಟ್ರೇ, ಇವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಹೇಗಾದರೂ ಬಿಡಿಸಿಕೊಡಿ' ಎನ್ನುತ್ತ ಆ ತಾಯಿ ಏಳು ವರ್ಷದ ಮಗನನ್ನು ನನ್ನ ಮುಂದೆ ನಿಲ್ಲಿಸಿದರು. ಆರು ತಿಂಗಳ ಹಿಂದೆ ಹುಡುಗ ಒಂದೇ ಸಮನೆ ಕಣ್ಣು ಮಿಟುಕಿಸತೊಡಗಿದ್ದ. ಕಣ್ಣಿನ ವೈದ್ಯರು ಪರೀಕ್ಷಿಸಿ ಏನೂ ದೋಷವಿಲ್ಲ ಎಂದಿದ್ದರು. ಸ್ವಲ್ಪ ದಿನಗಳಲ್ಲಿ ಅದು ಕಡಿಮೆಯಾಗಿ, ಭುಜ ಹಾರಿಸುವುದು ಶುರುವಾಯಿತು. ಈಗ ಅದರ ಜೊತೆಗೆ ಗಂಟಲಿನಲ್ಲಿ 'ಹ್ಞುಂ, ಹ್ಞುಂ' ಎಂಬ ಸದ್ದು. ಮೂರು ಬಾಟಲಿ ಕೆಮ್ಮಿನ ಔಷಧಿ ಮುಗಿದಿತ್ತು. ಜಂತುಹುಳುವಿನ ಮಾತ್ರೆ ಕೊಟ್ಟದ್ದಾಗಿತ್ತು, ದೃಷ್ಟಿ ತೆಗೆದದ್ದೂ ಆಗಿತ್ತು. ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದರು. ಮನೆಯಲ್ಲಿ ತಂದೆಯಿಂದ ಏಟು ಬಿದ್ದಿತ್ತು.

ನಾನು ಹುಡುಗನನ್ನೇ ಕೇಳಿದೆ. 'ನಾನು ಮಾಡಲ್ಲ, ಅದೇ ಬರುತ್ತೆ' ಎಂದ.

ಆರು ತಿಂಗಳಿನಿಂದ ಆ ಮನೆಯಲ್ಲಿ ನಿಜ ಹೇಳುತ್ತಿದ್ದವನು ಅವನೊಬ್ಬನೇ. ಅವನಿಗಿದ್ದದ್ದು ಚಾಳಿಯಲ್ಲ, ವೈದ್ಯಕೀಯದಲ್ಲಿ 'ಟಿಕ್' ಎಂದು ಕರೆಯುವ ತೊಂದರೆ.

ಏನಿದು ಟಿಕ್?

ದೇಹದ ಯಾವುದೋ ಒಂದು ಸ್ನಾಯುಗುಂಪು ಥಟ್ಟನೆ, ಕ್ಷಣಮಾತ್ರ, ಮತ್ತೆ ಮತ್ತೆ ಒಂದೇ ರೀತಿಯಲ್ಲಿ ಚಲಿಸುವುದೇ ಟಿಕ್. ಕಣ್ಣು ಮಿಟುಕಿಸುವುದು, ಮೂಗು ಸೊಟ್ಟ ಮಾಡುವುದು, ಕುತ್ತಿಗೆ ಕೊಂಕಿಸುವುದು, ಭುಜ ಹಾರಿಸುವುದು ಚಲನೆಯ ಟಿಕ್‌ಗಳು. ಗಂಟಲು ಸರಿಪಡಿಸಿಕೊಳ್ಳುವುದು, ಮೂಗು ಸೊರಗುಟ್ಟಿಸುವುದು, ಹೂಂಕರಿಸುವುದು ಧ್ವನಿಯ ಟಿಕ್‌ಗಳು. ಸಾಮಾನ್ಯವಾಗಿ ಇವು 4ರಿಂದ 6 ವರ್ಷದ ವಯಸ್ಸಿನಲ್ಲಿ, ಹೆಚ್ಚಾಗಿ ಕಣ್ಣು ಅಥವಾ ಮುಖದಲ್ಲಿ ಆರಂಭವಾಗುತ್ತವೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಕೆಲವು ವಾರ ಜೋರಾಗುತ್ತವೆ, ಕೆಲವು ವಾರ ಕಾಣುವುದೇ ಇಲ್ಲ. ಒಂದು ಹೋಗಿ ಇನ್ನೊಂದು ಬರುತ್ತದೆ.

ಟಿಕ್ ಬರುವ ಮುನ್ನ ಆ ಜಾಗದಲ್ಲಿ ಒಂದು ಬಗೆಯ ಒತ್ತಡ, ತುರಿಕೆ ಅಥವಾ ಕಿರಿಕಿರಿ ಆಗುತ್ತದೆಂದು ಸ್ವಲ್ಪ ದೊಡ್ಡ ಮಕ್ಕಳು ಹೇಳುತ್ತಾರೆ. ಸೊಳ್ಳೆ ಕಚ್ಚಿದ ಜಾಗವನ್ನು ಕೆರೆಯದೆ ನೀವು ಎಷ್ಟು ಹೊತ್ತು ಇರಬಲ್ಲಿರಿ? ಮಗುವಿನ ಪಾಡೂ ಅದೇ. ಸ್ವಲ್ಪ ಹೊತ್ತು ತಡೆಯಬಹುದು, ಆಮೇಲೆ ಬಿಡಲೇಬೇಕು. ಶಾಲೆಯಲ್ಲಿ ಎಲ್ಲರೂ ನೋಡುತ್ತಾರೆಂದು ತಡೆಹಿಡಿದ ಮಗು ಮನೆಗೆ ಬಂದೊಡನೆ ಹೆಚ್ಚು ಮಾಡುವುದು ಇದರಿಂದಲೇ. 'ಆಟದಲ್ಲಿದ್ದಾಗ ಬರುವುದಿಲ್ಲ, ಓದಲು ಕೂತಾಗ ಮಾತ್ರ ಬರುತ್ತದೆ, ಎಲ್ಲ ನಾಟಕ' ಎನ್ನುವವರಿದ್ದಾರೆ. ಮನಸ್ಸು ಒಂದರಲ್ಲಿ ಮುಳುಗಿದಾಗ ಟಿಕ್ ಕಡಿಮೆಯಾಗುವುದು, ದಣಿವು, ಆತಂಕ, ಸಂಭ್ರಮಗಳಲ್ಲಿ ಹೆಚ್ಚಾಗುವುದು ಅದರ ಗುಣವೇ. ಅದು ನಾಟಕಕ್ಕೆ ಸಾಕ್ಷಿಯಲ್ಲ.

ಕಾರಣವೇನು?

'ನಾನು ಬಸುರಿಯಾಗಿದ್ದಾಗ ಏನಾದರೂ ತಪ್ಪು ಮಾಡಿದೆನೇ?' ಎಂದು ಆ ತಾಯಿ ಕೇಳಿದರು. ಇಲ್ಲ. ಅಕ್ಕರೆ ಹೆಚ್ಚಾಗಿಯೂ ಇದು ಬರುವುದಿಲ್ಲ, ಕಡಿಮೆಯಾಗಿಯೂ ಬರುವುದಿಲ್ಲ. ನಮ್ಮ ಚಲನೆಗಳಲ್ಲಿ ಬೇಕಾದದ್ದನ್ನು ಬಿಟ್ಟು ಬೇಡದ್ದನ್ನು ತಡೆಯುವ ಕೆಲಸವನ್ನು ಮಿದುಳಿನ ಆಳದಲ್ಲಿರುವ ಕೆಲವು ನರಕೋಶ ಸಮೂಹಗಳು ಮಾಡುತ್ತವೆ. ಟಿಕ್ ಇರುವವರಲ್ಲಿ ಈ ತಡೆ ಸ್ವಲ್ಪ ಸಡಿಲ. ಡೋಪಮೀನ್ ಎಂಬ ರಾಸಾಯನಿಕಕ್ಕೂ ಇದಕ್ಕೂ ಸಂಬಂಧವಿದೆ. ಅನುವಂಶೀಯತೆಯ ಪಾತ್ರವೂ ದೊಡ್ಡದು. ಜೊತೆಗೆ ಬಂದಿದ್ದ ಅಜ್ಜಿ ಇದನ್ನು ಕೇಳಿ, 'ಇವರಪ್ಪನೂ ಚಿಕ್ಕವನಿದ್ದಾಗ ಹೀಗೇ ಕುತ್ತಿಗೆ ತಿರುಗಿಸ್ತಿದ್ದ. ಕಾಲೇಜಿಗೆ ಹೋಗೋ ಹೊತ್ತಿಗೆ ತಾನಾಗೇ ಹೋಯ್ತು' ಎಂದರು. ಮಗನಿಗೆ ಏಟು ಕೊಟ್ಟ ತಂದೆ ತಲೆ ತಗ್ಗಿಸಿದರು.

ಎಷ್ಟು ಮಕ್ಕಳಲ್ಲಿ? ಎಷ್ಟು ದಿನ?

ಶಾಲೆಗೆ ಹೋಗುವ ಐದು ಮಕ್ಕಳಲ್ಲಿ ಒಂದರವರೆಗೂ ಯಾವುದಾದರೊಂದು ಹಂತದಲ್ಲಿ ಟಿಕ್ ಕಾಣಿಸಿಕೊಳ್ಳಬಹುದೆಂದು ಅಂದಾಜು. ಬಹುಪಾಲು ಮಕ್ಕಳಲ್ಲಿ ಕೆಲವೇ ತಿಂಗಳುಗಳಲ್ಲಿ ಕಡಿಮೆಯಾಗಿ, ಆಮೇಲೆ ಉಳಿದರೂ ಬೇರೆಯವರ ಕಣ್ಣಿಗೆ ಬೀಳದಷ್ಟು ಮಾತ್ರ ಇರುತ್ತದೆ. ಚಲನೆಯ ಹಲವು ಟಿಕ್‌ಗಳು ಮತ್ತು ಧ್ವನಿಯ ಒಂದಾದರೂ ಟಿಕ್ ಸೇರಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದರೆ ಅದು 'ಟುರೆಟ್ ಸಿಂಡ್ರೋಮ್'. 1885ರಲ್ಲಿ ಒಂಬತ್ತು ರೋಗಿಗಳ ಬಗ್ಗೆ ಬರೆದ ಫ್ರಾನ್ಸಿನ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ ಅವರ ಹೆಸರು ಇದಕ್ಕಿದೆ. ಹೆಸರು ಕೇಳಿ ಹೆದರಬೇಡಿ. ಸಿನಿಮಾಗಳಲ್ಲಿ ತೋರಿಸುವಂತೆ ಬೈಗುಳಗಳನ್ನು ಕೂಗುವುದು ಇವರಲ್ಲಿ ಕೆಲವರಲ್ಲಿ ಮಾತ್ರ. ಸಾಮಾನ್ಯವಾಗಿ 10ರಿಂದ 12 ವರ್ಷದ ಹೊತ್ತಿಗೆ ಟಿಕ್ ಹೆಚ್ಚು ತೀವ್ರವಾಗಿದ್ದು, ಹದಿಹರೆಯ ಕಳೆಯುವಷ್ಟರಲ್ಲಿ ಹೆಚ್ಚಿನವರಲ್ಲಿ ಬಹಳ ಕಡಿಮೆಯಾಗುತ್ತದೆ. ಇದರಿಂದ ಬುದ್ಧಿಶಕ್ತಿ ಕುಂದುವುದಿಲ್ಲ, ಆಯುಸ್ಸೂ ಕಡಿಮೆಯಾಗುವುದಿಲ್ಲ.

ಯಾವಾಗ ಎಚ್ಚರ ಬೇಕು?

ಎಲ್ಲ ಚಲನೆಯೂ ಟಿಕ್ ಅಲ್ಲ. ಈ ಕೆಳಗಿನ ಲಕ್ಷಣಗಳಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

1. ಮಗು ಮಾತು, ಕೆಲಸ ನಿಲ್ಲಿಸಿ ಕೆಲವು ಸೆಕೆಂಡು ಶೂನ್ಯದತ್ತ ನೋಡುತ್ತಿದ್ದು, ಕರೆದರೂ ಓಗೊಡದಿದ್ದರೆ, ಆಮೇಲೆ ಏನಾಯಿತೆಂದು ಅದಕ್ಕೆ ತಿಳಿಯದಿದ್ದರೆ ಅದು ಮೂರ್ಛೆರೋಗ, ಅಂದರೆ ಫಿಟ್ಸ್‌ನ ಒಂದು ಬಗೆ ಇರಬಹುದು. ಟಿಕ್ ಬಂದಾಗ ಮಗುವಿಗೆ ಪೂರ್ತಿ ಎಚ್ಚರವಿರುತ್ತದೆ.

2. ಕೈಕಾಲುಗಳು ಗೊತ್ತುಗುರಿಯಿಲ್ಲದೆ ಸದಾ ಅಲುಗಾಡುವುದು, ಕೈಯಲ್ಲಿದ್ದ ಲೋಟ ಬೀಳುವುದು, ಅಕ್ಷರ ಏಕಾಏಕಿ ಕೆಡುವುದು, ಕಾರಣವಿಲ್ಲದೆ ಅಳುವುದು. ಗಂಟಲುಬೇನೆಯಾದ ಕೆಲವು ತಿಂಗಳುಗಳ ನಂತರ ಕಾಣಿಸುವ 'ಕೋರಿಯಾ' ಇದಾಗಿರಬಹುದು. ಇದು ರುಮ್ಯಾಟಿಕ್ ಜ್ವರದ ಒಂದು ಮುಖ. ಹೃದಯದ ಕವಾಟಗಳನ್ನು ಕೆಡಿಸಬಲ್ಲದು. ಪೆನಿಸಿಲಿನ್ ಚಿಕಿತ್ಸೆಯನ್ನು ವರ್ಷಗಟ್ಟಲೆ ತಪ್ಪದೆ ಕೊಡಿಸಬೇಕಾಗುತ್ತದೆ. ನಮ್ಮ ದೇಶದಲ್ಲಿ ಈ ರೋಗ ಇನ್ನೂ ಇರುವುದರಿಂದ ಇದನ್ನು ಮರೆಯುವಂತಿಲ್ಲ.

3. ಹೊಸ ಔಷಧಿ ಶುರುಮಾಡಿದ ನಂತರ ಬಂದ ಚಲನೆ. ರಾತ್ರಿ ಬೆಳಗಾಗುವುದರೊಳಗೆ ತೀವ್ರವಾಗಿ ಆರಂಭವಾದದ್ದು. ಕಲಿತದ್ದನ್ನು ಮಗು ಮರೆಯುತ್ತಿರುವುದು.

ಇವು ಯಾವುವೂ ಇಲ್ಲದೆ ಲಕ್ಷಣಗಳು ಸ್ಪಷ್ಟವಾಗಿದ್ದರೆ, ವಿವರ ಕೇಳಿ ಮಗುವನ್ನು ಪರೀಕ್ಷಿಸಿದರೆ ಸಾಕು, ಟಿಕ್ ಎಂದು ವೈದ್ಯರಿಗೆ ತಿಳಿಯುತ್ತದೆ. ಸ್ಕ್ಯಾನ್, ಇಇಜಿಗಳಿಗೆ ಸಾವಿರಾರು ರೂಪಾಯಿ ಖರ್ಚುಮಾಡುವ ಅಗತ್ಯವಿಲ್ಲ. ವೈದ್ಯರ ಮುಂದೆ ಟಿಕ್ ಬಾರದೇ ಇರಬಹುದು. ಆದ್ದರಿಂದ ಮಗುವಿನ ಗಮನಕ್ಕೆ ಬಾರದಂತೆ ಮೊಬೈಲಿನಲ್ಲಿ ಒಂದು ನಿಮಿಷ ಚಿತ್ರೀಕರಿಸಿಕೊಂಡು ಹೋಗಿ.

ಮನೆಯಲ್ಲಿ, ಶಾಲೆಯಲ್ಲಿ

ಮೊದಲ ಚಿಕಿತ್ಸೆ ನಿಮ್ಮ ಕೈಯಲ್ಲೇ ಇದೆ. 'ಮಾಡಬೇಡ, ನಿಲ್ಲಿಸು' ಎನ್ನುವುದನ್ನು ಇಂದೇ ಬಿಡಿ. ಮನೆಯ ಎಲ್ಲರೂ ಬಿಡಬೇಕು. ಹೇಳಿದಷ್ಟೂ ಮಗುವಿನ ಗಮನ ಅಲ್ಲಿಗೇ ಹೋಗುತ್ತದೆ, ಆತಂಕ ಹೆಚ್ಚುತ್ತದೆ, ಟಿಕ್ಕೂ ಹೆಚ್ಚುತ್ತದೆ. ಟಿಕ್ಕನ್ನು ಕಡೆಗಣಿಸಿ, ಮಗುವನ್ನಲ್ಲ. 'ಇದು ನಿನ್ನ ತಪ್ಪಲ್ಲ' ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ. ಹೊತ್ತಿಗೆ ಸರಿಯಾಗಿ ನಿದ್ರೆ, ದಿನವೂ ಆಟ ಇರಲಿ.

ಶಾಲೆಗೆ ಹೋಗಿ ತರಗತಿಯ ಶಿಕ್ಷಕರನ್ನು ಕಾಣಿರಿ. ಬೇಕಿದ್ದರೆ ವೈದ್ಯರಿಂದ ಒಂದು ಚೀಟಿ ಬರೆಸಿಕೊಳ್ಳಿ. ಶಿಕ್ಷಿಸದಿರುವುದು, ಅಣಕಿಸುವ ಮಕ್ಕಳನ್ನು ತಡೆಯುವುದು, ಒತ್ತಡವಾದಾಗ ನೀರು ಕುಡಿಯುವ ನೆಪದಲ್ಲಿ ಐದು ನಿಮಿಷ ಹೊರಗೆ ಬಿಡುವುದು, ಇಷ್ಟು ಮಾಡಿದರೆ ಸಾಕು.

ಚಿಕಿತ್ಸೆ ಯಾರಿಗೆ?

ಟಿಕ್‌ನಿಂದ ನೋವಾಗುತ್ತಿದ್ದರೆ, ಓದುಬರಹಕ್ಕೆ ಅಡ್ಡಿಯಾಗಿದ್ದರೆ, ಅವಮಾನದಿಂದ ಮಗು ಕುಗ್ಗಿದ್ದರೆ ಚಿಕಿತ್ಸೆ ಬೇಕು. ಮೊದಲ ಆಯ್ಕೆ ವರ್ತನಾ ಚಿಕಿತ್ಸೆ. ಟಿಕ್ ಬರುವ ಸೂಚನೆಯನ್ನು ಗುರುತಿಸಿ, ಆ ಕ್ಷಣದಲ್ಲಿ ಅದಕ್ಕೆ ವಿರುದ್ಧವಾದ ಸಣ್ಣ ಚಲನೆ ಮಾಡುವುದನ್ನು ಮಗುವಿಗೆ ಕಲಿಸುತ್ತಾರೆ. ಭುಜ ಹಾರುವುದಿದ್ದರೆ ತೋಳನ್ನು ಮೈಗೆ ಒತ್ತಿ ಹಿಡಿಯುವುದು, ಗಂಟಲ ಸದ್ದಿದ್ದರೆ ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಡುವುದು, ಹೀಗೆ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 126 ಮಕ್ಕಳ ಪೈಕಿ ಈ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಗುಣ ಕಂಡಿತು. ಬರೀ ತಿಳಿವಳಿಕೆ, ಸಾಂತ್ವನ ಪಡೆದವರಲ್ಲಿ ಐದರಲ್ಲಿ ಒಬ್ಬರಿಗೂ ಕಾಣಲಿಲ್ಲ.

ಇದು ಸಾಲದಿದ್ದರೆ ಕ್ಲೋನಿಡಿನ್, ರಿಸ್ಪೆರಿಡೋನ್, ಅರಿಪಿಪ್ರಜೋಲ್ ಮುಂತಾದ ಔಷಧಿಗಳಿವೆ. ಇವು ಟಿಕ್ಕನ್ನು ತಗ್ಗಿಸುತ್ತವೆ, ಬೇರುಸಹಿತ ಕೀಳುವುದಿಲ್ಲ. ತೂಕಡಿಕೆ, ಮೈತೂಕ ಹೆಚ್ಚುವಿಕೆಯಂತಹ ಅಡ್ಡಪರಿಣಾಮಗಳೂ ಉಂಟು. ತಜ್ಞರ ಸಲಹೆಯಿಲ್ಲದೆ ಕೊಡಬೇಡಿ, ಇದ್ದಕ್ಕಿದ್ದಂತೆ ನಿಲ್ಲಿಸಲೂ ಬೇಡಿ.

ಇನ್ನೊಂದು ಮಾತು. ಟಿಕ್ ಇರುವ ಕೆಲವು ಮಕ್ಕಳಲ್ಲಿ ಅತಿಚಟುವಟಿಕೆ ಮತ್ತು ಏಕಾಗ್ರತೆಯ ಕೊರತೆ, ಕೈ ತೊಳೆದದ್ದೇ ತೊಳೆಯುವಂತಹ ಗೀಳು, ವಿಪರೀತ ಅಂಜಿಕೆ ಕೂಡ ಇರುತ್ತವೆ. ಎಷ್ಟೋ ಸಲ ಮಗುವನ್ನು ಹೆಚ್ಚು ಕಾಡುವುದು ಟಿಕ್ ಅಲ್ಲ, ಇವು. ಮಕ್ಕಳ ತಜ್ಞರು ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ ನರರೋಗ ವಿಭಾಗವೂ ಇವೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ, 2022ರಲ್ಲಿ ಆರಂಭವಾದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಕೇಳಬಹುದು.

ಮೂರು ತಿಂಗಳ ನಂತರ ಆ ಹುಡುಗ ಮತ್ತೆ ಬಂದಿದ್ದ. ನಾನು ಯಾವ ಔಷಧಿಯನ್ನೂ ಕೊಟ್ಟಿರಲಿಲ್ಲ. ಭುಜ ಹಾರುವುದು ನಿಂತಿತ್ತು. ಗಂಟಲಿನ ಸದ್ದು ಆಗೀಗ ಇತ್ತು. ಆದರೆ ಬೆಳಿಗ್ಗೆ ಅಳದೆ ಶಾಲೆಗೆ ಹೋಗುತ್ತಾನೆ ಎಂದು ತಾಯಿ ಹೇಳಿದರು. ನಿಮ್ಮ ಮಗುವಿನಲ್ಲೂ ಇಂತಹದ್ದು ಕಂಡರೆ ಗದರುವ ಮೊದಲು ಕೇಳಿ ನೋಡಿ. 'ಅದೇ ಬರುತ್ತೆ' ಎಂದು ಮಗು ಹೇಳಿದರೆ ನಂಬಿ.