ರೋಬೋಟ್ ಓಡಿಸುವ ಮಕ್ಕಳಿಗೆ ಕೊನೆಯ 20 ಸೆಕೆಂಡಿನ ಲೆಕ್ಕ



ದುಬೈ, ಅಬುಧಾಬಿಯಲ್ಲಿರುವ ನಮ್ಮ ಮಕ್ಕಳಲ್ಲಿ ಹಲವರು ಶಾಲೆಯ ರೋಬೋಟ್ ತಂಡಗಳಲ್ಲಿದ್ದಾರೆ. ರೋಬೋಟ್ ಕಟ್ಟಲು, ಪ್ರೋಗ್ರಾಂ ಬರೆಯಲು ಕಲಿಸುವವರು ಸಿಗುತ್ತಾರೆ. ಆದರೆ ಜಾಯ್‌ಸ್ಟಿಕ್ ಹಿಡಿದ ಮಗು ಯಾವ ಕ್ಷಣದಲ್ಲಿ ಏನು ಮಾಡಬೇಕೆಂದು ಹೇಳಿಕೊಡುವವರು ಕಡಿಮೆ. ಒಂದು ಸೋಲಿನಿಂದ ನಾನು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ವೆಕ್ಸ್ ವಿ5 ಪಂದ್ಯ ಎರಡು ನಿಮಿಷದ್ದು. ಮೊದಲ 15 ಸೆಕೆಂಡು ರೋಬೋಟ್ ತಾನೇ ಓಡುತ್ತದೆ. ಉಳಿದ 1 ನಿಮಿಷ 45 ಸೆಕೆಂಡು ಮಕ್ಕಳ ಕೈಯಲ್ಲಿ. ಒಂದೊಂದು ಕಡೆ ಎರಡೆರಡು ತಂಡ. 2025–26ರ 'ಪುಷ್ ಬ್ಯಾಕ್' ಆಟದಲ್ಲಿ ಗೋಲಿಗೆ ಹಾಕಿದ ಪ್ರತಿ ಬ್ಲಾಕಿಗೆ 3 ಅಂಕ. ಕೊನೆಗೆ ಒಂದೇ ರೋಬೋಟ್ ಪಾರ್ಕ್ ಆದರೆ 8, ಜೊತೆಯ ಎರಡೂ ಆದರೆ 30. (ಬೇರೆ ಬೋನಸ್ ಅಂಕಗಳೂ ಇವೆ, ಲೆಕ್ಕ ಸರಳವಾಗಿರಲೆಂದು ಬಿಟ್ಟಿದ್ದೇನೆ.)

ಅಬುಧಾಬಿಯ ಪಂದ್ಯವೊಂದರಲ್ಲಿ 20 ಸೆಕೆಂಡು ಉಳಿದಿತ್ತು. ಜೊತೆಯ ತಂಡ ಆಗಲೇ ಪಾರ್ಕ್ ಮಾಡಿತ್ತು. ನನ್ನ ಮಗಳೂ ಅತ್ತ ಹೊರಟಿದ್ದಳು. ಗ್ಯಾಲರಿಯಿಂದ ನಾನು ಕೂಗಿದೆ, "ಇನ್ನೊಂದು ಹಾಕು!" ಅವಳು ತಿರುಗಿದಳು, ಬ್ಲಾಕ್ ಹಾಕಿದಳು, ಹಿಂದಿರುಗುವಷ್ಟರಲ್ಲಿ ಬಜರ್ ಆಯಿತು. 3 ಅಂಕ ಬಂತು, 22 ಹೋಯಿತು. ಸೋತದ್ದು 11 ಅಂಕದಿಂದ.

ಕಬಡ್ಡಿ ಆಡಿದವರಿಗೆ ಇದು ಗೊತ್ತು. ಎದುರಾಳಿಯನ್ನು ಮುಟ್ಟಿದರೆ ಸಾಲದು, ಗೆರೆಗೆ ಮರಳಿದರಷ್ಟೇ ಅಂಕ.

ಚಾಲಕರಿಗೆ ನನ್ನ ನಾಲ್ಕು ಸಲಹೆ:

1. ಲೆಕ್ಕ ಪಂದ್ಯಕ್ಕೆ ಮುಂಚೆಯೇ ಆಗಲಿ. ಎರಡನೇ ರೋಬೋಟ್ ಪಾರ್ಕ್ ಆದರೆ ಹೆಚ್ಚುವ 22 ಅಂಕ ಏಳು ಬ್ಲಾಕಿಗಿಂತ ಜಾಸ್ತಿ. ಉಳಿದ ಸಮಯದಲ್ಲಿ ಎಂಟು ಬ್ಲಾಕ್ ಹಾಕಲಾಗದಿದ್ದರೆ ಹೊರಟುಬಿಡಿ.

2. ಜೊತೆಯ ತಂಡವನ್ನು ಮೊದಲೇ ಕೇಳಿ. ಅವರಿಗೆ ಪಾರ್ಕ್ ಮಾಡಲು ಆಗದಿದ್ದರೆ ನಿಮಗೆ ಸಿಗುವುದು 8 ಮಾತ್ರ, ಮೂರು ಬ್ಲಾಕಿಗಿಂತ ಕಡಿಮೆ. ಆಗ ಆಟ ಮುಂದುವರಿಸುವುದೇ ಲಾಭವಾಗಬಹುದು. 2019ರ ಅಕ್ಟೋಬರ್‌ನಲ್ಲಿ ದುಬೈಯಲ್ಲಿ ನಡೆದ ಫಸ್ಟ್ ಗ್ಲೋಬಲ್ ಸ್ಪರ್ಧೆಗೆ 190ಕ್ಕೂ ಹೆಚ್ಚು ದೇಶಗಳ ಮಕ್ಕಳು ಬಂದಿದ್ದರು. ಅಲ್ಲಿ ಮೂರು ದೇಶಗಳು ಸೇರಿ ಒಂದು ಪಕ್ಷ. ಭಾಷೆ ಬೇರೆಯಾದರೂ ಒಪ್ಪಂದ ಮಾಡಿಕೊಂಡೇ ಆಡಬೇಕಿತ್ತು.

3. ಮೈದಾನದ ದೂರದ ಮೂಲೆಯಿಂದ ಹತ್ತು ಸಲ ಪಾರ್ಕ್ ಮಾಡಿ, ಸಮಯ ಬರೆದಿಡಿ. ಸರಾಸರಿ ನಂಬಬೇಡಿ. ಅತಿ ನಿಧಾನದ ಸಲ ಹಿಡಿದ ಸಮಯಕ್ಕೆ ಎರಡು ಸೆಕೆಂಡು ಸೇರಿಸಿ, ಅದೇ ಹೊರಡುವ ಹೊತ್ತು.

4. ಸಮಯ ಕೂಗುವವರು ತಂಡದಲ್ಲಿ ಒಬ್ಬರೇ ಇರಲಿ. ವೆಕ್ಸ್‌ನಲ್ಲಿ ಚಾಲಕರೂ, ಪಕ್ಕದಲ್ಲಿ ನಿಂತು ಹೇಳುವವರೂ ವಿದ್ಯಾರ್ಥಿಗಳೇ ಆಗಿರಬೇಕು. ಈ ನಿಯಮದ ಅರ್ಥ ನನಗೆ ಅಂದು ತಿಳಿಯಿತು.

ದುಬೈಗೆ ಮರಳುವಾಗ ಕಾರಿನಲ್ಲಿ ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಪ್ಪಾ, ಹೋಗ್ಬೇಕು ಅಂತ ನಂಗೆ ಗೊತ್ತಿತ್ತು. ನೀವು ಕೂಗಿದ್ರಿ ಅಂತ ತಿರುಗಿದೆ" ಎಂದಳು.

ಮಕ್ಕಳು ಏನು ಓದಬೇಕು, ಯಾವ ಕ್ಲಾಸಿಗೆ ಸೇರಬೇಕು ಎಲ್ಲವನ್ನೂ ನಾವೇ ತೀರ್ಮಾನಿಸುತ್ತೇವೆ. ಆ ಎರಡು ನಿಮಿಷವನ್ನಾದರೂ ಅವರಿಗೇ ಬಿಟ್ಟುಕೊಡೋಣ. ಈಗ ನಾನು ಗ್ಯಾಲರಿಯಲ್ಲಿ ಚಪ್ಪಾಳೆ ಮಾತ್ರ ತಟ್ಟುತ್ತೇನೆ.