ಚಿಂಚೋಳಿಯ ಅಭಯಾರಣ್ಯ: ಹೊಳೆ, ಹುಲ್ಲು ಮತ್ತು ಕಲ್ಲಿನ ಪಾಠ

ಕಲಬುರಗಿ ಜಿಲ್ಲೆ ಎಂದೊಡನೆ ಹೊರಗಿನವರ ಕಣ್ಣ ಮುಂದೆ ನಿಲ್ಲುವುದು ಸುಡುವ ಬಿಸಿಲು, ಕಪ್ಪು ಎರೆಭೂಮಿ, ತೊಗರಿಯ ಹೊಲ ಮತ್ತು ಶಹಾಬಾದಿನ ಹಾಸುಗಲ್ಲು. ಇಲ್ಲಿಯೂ ಒಂದು ಕಾಡಿದೆ, ಆ ಕಾಡಿನಲ್ಲಿ ಹೊಳೆ ಹರಿಯುತ್ತದೆ, ಹೊಳೆಯ ದಂಡೆಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ಮೇಯುತ್ತದೆ ಎಂದರೆ ನಂಬುವವರು ವಿರಳ. ಜಿಲ್ಲೆಯಲ್ಲಿಯೇ ಹುಟ್ಟಿ ಬೆಳೆದ ಅನೇಕ ವಿದ್ಯಾವಂತರಿಗೂ ಚಿಂಚೋಳಿಯ ಅರಣ್ಯ ಬರಿಯ ಹೆಸರಾಗಿ ಉಳಿದಿದೆ. ಮಲೆನಾಡಿನ ಕಾಡನ್ನು ಪಠ್ಯದಲ್ಲಿ ಓದಿದ ವಿದ್ಯಾರ್ಥಿಗೆ ತನ್ನ ತಾಲ್ಲೂಕಿನ ಕಾಡು ಕಾಡೆಂದೇ ತೋರದಿರುವುದು ಶಿಕ್ಷಣದ ಕೊರತೆಯೇ ಹೊರತು ಆ ನೆಲದ ಕೊರತೆಯಲ್ಲ.

ಚಿಂಚೋಳಿ ವನ್ಯಜೀವಿ ಅಭಯಾರಣ್ಯವು 2011ರಲ್ಲಿ ಘೋಷಿತವಾಯಿತು. ಇದರ ವಿಸ್ತೀರ್ಣ 134.88 ಚದರ ಕಿಲೋಮೀಟರ್. ದೇಶದ ದೊಡ್ಡ ಅಭಯಾರಣ್ಯಗಳೊಡನೆ ಹೋಲಿಸಿದರೆ ಇದು ಅತಿ ಚಿಕ್ಕದು. ದಕ್ಷಿಣ ಭಾರತದ ಮೊದಲ ಒಣನಾಡಿನ ಅಭಯಾರಣ್ಯವೆಂದು ಇದನ್ನು ಕರೆಯುವುದುಂಟು. ಕೊಂಚಾವರಂ ಕಡೆಯ ಗುಡ್ಡಗಳು, ಚಂದ್ರಂಪಳ್ಳಿಯ ಜಲಾಶಯ, ಎತ್ತಿಪೋತದ ಜಲಪಾತ, ಗೊಟ್ಟಂಗೊಟ್ಟದ ಪುಣ್ಯಕ್ಷೇತ್ರ ಇವು ಈ ಸೀಮೆಯ ಪ್ರಸಿದ್ಧ ತಾಣಗಳು. ಪೂರ್ವಕ್ಕೆ ತೆಲಂಗಾಣ ರಾಜ್ಯದ ಗಡಿ ಹತ್ತಿರದಲ್ಲಿದೆ.

ನೆಲದ ರಚನೆ

ಈ ಕಾಡನ್ನು ತಿಳಿಯಬೇಕಾದರೆ ಮೊದಲು ಅದರ ಕಲ್ಲನ್ನು ತಿಳಿಯಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಪ್ರದೇಶಗಳಲ್ಲಿ ಹರಡಿರುವುದು ಸುಣ್ಣಕಲ್ಲು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಇಳಿದ ಕೆಸರೇ ಗಟ್ಟಿಯಾಗಿ ಈ ಕಲ್ಲಾಯಿತು. ಭೂವಿಜ್ಞಾನಿಗಳು ಇದಕ್ಕೆ ಭೀಮಾ ಶಿಲಾಸಮೂಹವೆಂಬ ಹೆಸರಿಟ್ಟಿದ್ದು, ಅದರ ಮುಖ್ಯ ಸುಣ್ಣಕಲ್ಲಿನ ಸ್ತರಕ್ಕೆ ಶಹಾಬಾದಿನ ಹೆಸರೇ ನಿಂತಿದೆ. ಬಹಳ ಕಾಲದ ನಂತರ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖನ್ ಪ್ರಸ್ಥಭೂಮಿಯ ಮೇಲೆ ಲಾವಾರಸ ಹರಿದು ಹೆಪ್ಪುಗಟ್ಟಿ ಕಪ್ಪುಶಿಲೆಯಾಯಿತು. ಆ ಶಿಲೆ ಶಿಥಿಲಗೊಂಡು ಎರೆಮಣ್ಣಾಯಿತು. ಎತ್ತರದ ಪ್ರದೇಶಗಳಲ್ಲಿ ಅದೇ ಶಿಲೆ ಮಳೆ ಬಿಸಿಲುಗಳಿಗೆ ಸಿಕ್ಕಿ ಕೆಂಪು ಮುರಕಲ್ಲಾಗಿ ಮಾರ್ಪಟ್ಟಿತು.

ಮುರಕಲ್ಲಿನ ಗುಣ ಗಮನಾರ್ಹವಾದುದು. ಅದು ಜೇನುಗೂಡಿನಂತೆ ರಂಧ್ರಮಯವಾಗಿದ್ದು ಮಳೆಯ ನೀರನ್ನು ಹೀರಿಕೊಳ್ಳುತ್ತದೆ. ಕೆಳಗಿನ ಕರಿಶಿಲೆ ನೀರನ್ನು ಸುಲಭವಾಗಿ ಒಳಕ್ಕೆ ಬಿಡುವುದಿಲ್ಲ. ಆದ್ದರಿಂದ ಎರಡೂ ಕಲ್ಲುಗಳು ಕೂಡುವಲ್ಲಿ ನೀರು ಒರತೆಯಾಗಿ ಹೊರಬೀಳುತ್ತದೆ. ನೆರೆಯ ಬೀದರಿನಲ್ಲಿ ಬಹಮನಿ ಕಾಲದವರು ಸುರಂಗ ಬಾವಿಗಳನ್ನು ತೋಡಿ ನಗರಕ್ಕೆ ನೀರು ತಂದುದು ಈ ಗುಣವನ್ನು ಅರಿತೇ. ಅಲ್ಲಿ ಮನುಷ್ಯನು ಸುರಂಗದಿಂದ ಮಾಡಿದ ಕೆಲಸವನ್ನು ಗುಡ್ಡನಾಡಿನಲ್ಲಿ ಹುಲ್ಲಿನ ಬೇರು ಮತ್ತು ಮರದ ನೆರಳು ಸದ್ದಿಲ್ಲದೆ ಮಾಡುತ್ತವೆ. ಬೇರಿಲ್ಲದ ಬೋಳು ಗುಡ್ಡದ ಮೇಲೆ ಬಿದ್ದ ನೀರು ಇಂಗಲು ಅವಕಾಶವಿಲ್ಲದೆ ಮಣ್ಣನ್ನೂ ಕೊಚ್ಚಿಕೊಂಡು ಓಡುತ್ತದೆ.

ಹೊಳೆಗಳ ಹಾದಿ

ಮುಲ್ಲಾಮಾರಿ ಹೊಳೆ ಹುಟ್ಟುವುದು ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನಲ್ಲಿ. ಶರಣರ ಪಾದಸ್ಪರ್ಶದಿಂದ ಪುನೀತವಾದ ಆ ನೆಲದಿಂದ ಹೊರಟ ನೀರು ಚಿಂಚೋಳಿಯ ಸೀಮೆಯನ್ನು ಹಾದು ಬರುತ್ತದೆ. ಅದರ ಉಪನದಿಯಾದ ಸರನಾಲಾ ಹೊಳೆಗೆ ಕಾಡಿನ ನಡುವೆ ಕಟ್ಟಿದ ಅಣೆಕಟ್ಟೇ ಚಂದ್ರಂಪಳ್ಳಿಯದು. ಮುಲ್ಲಾಮಾರಿಯು ಮುಂದೆ ಕಾಗಿಣಾ ನದಿಯನ್ನು ಕೂಡುತ್ತದೆ. ತೆಲಂಗಾಣದ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ ಬರುವ ಕಾಗಿಣಾ ನದಿಯು ಸೇಡಂ ತಾಲ್ಲೂಕಿನ ಮಳಖೇಡವನ್ನು ಬಳಸಿ, ಚಿತ್ತಾಪುರದ ಸೀಮೆಯನ್ನು ದಾಟಿ, ಶಹಾಬಾದಿನ ಬಳಿಯ ಹೊನಗುಂಟಾದಲ್ಲಿ ಭೀಮೆಯೊಡನೆ ಸಂಗಮಿಸುತ್ತದೆ. ಹೀಗೆ ಚಿಂಚೋಳಿಯ ಗುಡ್ಡದ ಮೇಲೆ ಬಿದ್ದ ಹನಿಯೊಂದು ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆಗಳನ್ನು ಕಂಡೇ ಭೀಮೆಯನ್ನು ಸೇರುತ್ತದೆ. ಮೇಲಿನ ಕಾಡು ಕೆಟ್ಟರೆ ಕೆಳಗಿನ ಊರಿಗೆ ಮಳೆಗಾಲದಲ್ಲಿ ಹೂಳು, ಬೇಸಿಗೆಯಲ್ಲಿ ಬರಿದಾದ ಪಾತ್ರ.

ಈ ನೀರಿನ ದಂಡೆಯಲ್ಲಿ ಬೆಳೆದ ಸಂಸ್ಕೃತಿ ಸಾಮಾನ್ಯವಾದುದಲ್ಲ. ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಆಳಿದ್ದು ಇಲ್ಲಿಂದಲೇ. ಕನ್ನಡದ ಮೊದಲ ಉಪಲಬ್ಧ ಲಕ್ಷಣಗ್ರಂಥವಾದ ‘ಕವಿರಾಜಮಾರ್ಗ’ ರೂಪುಗೊಂಡದ್ದು ಅವನ ಆಸ್ಥಾನದಲ್ಲಿ. 972ರಲ್ಲಿ ಪರಮಾರರ ದಾಳಿಗೆ ಸಿಕ್ಕಿ ನಗರ ಸೂರೆಹೋಯಿತು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿಯೇ ಘಟಿಕಾಸ್ಥಾನವಿದ್ದು, 1058ರ ಶಾಸನ ಅಲ್ಲಿಯ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಗ್ರಂಥಭಂಡಾರವನ್ನು ನೋಡಿಕೊಳ್ಳುವವರನ್ನೂ ಹೆಸರಿಸುತ್ತದೆ. ಭೀಮಾತೀರದ ಸನ್ನತಿಯ ಸಮೀಪ, ಕನಗನಹಳ್ಳಿಯಲ್ಲಿ ದೊರೆತ ಬೌದ್ಧ ಸ್ತೂಪದ ಶಿಲ್ಪಗಳನ್ನು ಕೆತ್ತಿದ್ದು ಈ ಸೀಮೆಯ ಸುಣ್ಣಕಲ್ಲಿನಲ್ಲಿಯೇ. ಕಲ್ಲು, ನೀರು, ವಿದ್ಯೆ ಈ ಮೂರೂ ಇಲ್ಲಿ ಒಂದೇ ಕಥೆಯ ಅಧ್ಯಾಯಗಳು.

ಕಾಡು ಮತ್ತು ಹುಲ್ಲುಗಾವಲು

ಅಭಯಾರಣ್ಯದ ಒಳಭಾಗದಲ್ಲಿ ಎಲೆಯುದುರುವ ಮರಗಳ ಕಾಡು ಇದೆ. ಶ್ರೀಗಂಧವೂ ರಕ್ತಚಂದನವೂ ಇಲ್ಲಿ ಉಂಟು. ಅಂಚಿನಲ್ಲಿ ಸಾಗವಾನಿ ಮತ್ತು ಜಾಲಿ ಜಾತಿಯ ನೆಡುತೋಪುಗಳಿವೆ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡಕುರಿ ಇಲ್ಲಿಯ ಮುಖ್ಯ ಪ್ರಾಣಿಗಳು. ಗಂಡಿಗೆ ನಾಲ್ಕು ಕೊಂಬುಗಳಿರುವ ಕೊಂಡಕುರಿ ಭಾರತ ಮತ್ತು ನೇಪಾಳಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಕಾಡಿನಲ್ಲಿ ಬದುಕಿಲ್ಲ.

ಬೇಸಿಗೆಯಲ್ಲಿ ಈ ನೆಲ ಸತ್ತಂತೆ ಕಾಣುತ್ತದೆ. ಎಲೆ ಉದುರಿರುತ್ತದೆ, ಹುಲ್ಲು ಒಣಗಿ ಕರಡವಾಗಿರುತ್ತದೆ. ಆದರೆ ಹುಲ್ಲಿನ ಜೀವ ಇರುವುದು ನೆಲದ ಕೆಳಗೆ. ಬೇರಿನಲ್ಲಿ ಶಕ್ತಿಯನ್ನು ಕೂಡಿಟ್ಟುಕೊಂಡ ಹುಲ್ಲು ಮೃಗಶಿರಾ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಚಿಗುರುತ್ತದೆ. ಅಮೆರಿಕದ ಪ್ರೇರಿ ಮೈದಾನಗಳ ಫಲವತ್ತಾದ ಕಪ್ಪುಮಣ್ಣು ಸಾವಿರಾರು ವರ್ಷ ಹುಲ್ಲಿನ ಬೇರು ಬೆಳೆದು ಕೊಳೆತದ್ದರ ಫಲ. ಅಲ್ಲಿಯವರು ಆ ಮೈದಾನವನ್ನು ಬಹುಮಟ್ಟಿಗೆ ಉತ್ತು ಮುಗಿಸಿದ ಮೇಲೆ, ಉಳಿದ ತುಣುಕುಗಳನ್ನು ಹೊಳೆಯ ದಂಡೆಗಳಲ್ಲಿ ಚಿಕ್ಕ ಚಿಕ್ಕ ಉದ್ಯಾನಗಳಾಗಿ ಕಾಪಾಡತೊಡಗಿದರು. ದಖನ್ನಿನ ಮರಡಿ ಮತ್ತು ಗಾಯರಾಣಗಳಿಗೆ ಅಷ್ಟು ವಿಳಂಬವಾಗಬೇಕಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳುವುದು ಅವಶ್ಯ. ಕಂದಾಯ ತಾರದ ಹುಲ್ಲುನೆಲವನ್ನು ಪಾಳುಭೂಮಿ ಎಂದು ಬರೆಯುವ ರೂಢಿ ಹಳೆಯದು. ಪಾಳೆಂದು ಬರೆದ ಮೇಲೆ ಅದನ್ನು ಉದ್ಧರಿಸಬೇಕೆಂಬ ಹಂಬಲ ಹುಟ್ಟುತ್ತದೆ. 1950ರಲ್ಲಿ ಆರಂಭವಾದ ವನಮಹೋತ್ಸವ ಶಾಲೆಗಳಿಗೆ ಪವಿತ್ರ ಆಚರಣೆಯಾಗಿದೆ, ಅದು ಸರಿಯೇ. ಆದರೆ ಹುಲ್ಲುಗಾವಲಿನ ನಡುವೆ ಸಾಲು ಸಾಲಾಗಿ ಪರದೇಶದ ಸಸಿಗಳನ್ನು ನೆಟ್ಟರೆ ಬಿಸಿಲನ್ನು ಬೇಡುವ ಹುಲ್ಲು ನೆರಳಿನಲ್ಲಿ ನಶಿಸುತ್ತದೆ. ದೂರದಿಂದಲೇ ಶತ್ರುವನ್ನು ಕಂಡು ಓಡಿ ಬದುಕುವ ಕೃಷ್ಣಮೃಗಕ್ಕೆ ದಟ್ಟ ತೋಪು ಆಸರೆಯಲ್ಲ, ಅಪಾಯ. ಸದುದ್ದೇಶದಿಂದಲೂ ಒಂದು ಜೀವಲೋಕ ಅಳಿಯಬಹುದೆಂಬುದಕ್ಕೆ ಇದು ನಿದರ್ಶನ. ಗಿಡ ನೆಡಬೇಕಾದ ಸ್ಥಳ ಬೇರೆ: ಶಾಲೆಯ ಅಂಗಳ, ರಸ್ತೆಯ ಬದಿ, ಹೊಲದ ಬದು, ಕೆರೆಯ ಏರಿ, ಕಡಿದು ಬರಿದಾದ ಕಾಡಿನ ಭಾಗ.

ಜನರ ಬದುಕು

ಈ ಕಾಡಿನ ಅಂಚಿನಲ್ಲಿ ಲಂಬಾಣಿ ತಾಂಡಾಗಳಿವೆ. ಲಂಬಾಣಿಗರು ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು ಮತ್ತು ಧಾನ್ಯ ಹೇರಿಕೊಂಡು ದಖನ್ನಿನುದ್ದಕ್ಕೂ ಸಂಚರಿಸುತ್ತಿದ್ದ ವ್ಯಾಪಾರಿಗಳು. ಮುಂಬಯಿಯ ಕಡೆಯ ರೈಲುಮಾರ್ಗ 1871ರಲ್ಲಿ ಈ ಸೀಮೆಯ ಮೂಲಕ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದಿತು. ರೈಲು ಬಂದಂತೆ ಎತ್ತಿನ ಹೇರಿಗೆ ಬೇಡಿಕೆ ಕುಂದಿತು, ಅಲೆದಾಡುತ್ತಿದ್ದ ಜನ ಗುಡ್ಡಗಾಡಿನ ಮಗ್ಗುಲಲ್ಲಿ ನೆಲೆನಿಂತರು. ಶಹಾಬಾದಿನ ಕಲ್ಲನ್ನು ದೇಶಕ್ಕೆ ಪರಿಚಯಿಸಿದ ಹಳಿಯೇ ಇವರ ಹಳೆಯ ಕಸುಬನ್ನು ಕಸಿದುಕೊಂಡಿತು. ವಾಡಿಯಲ್ಲಿ 1968ರಲ್ಲಿ ಸಿಮೆಂಟ್ ಕಾರ್ಖಾನೆ ಆರಂಭವಾದ ಮೇಲೆ ಸುಣ್ಣಕಲ್ಲಿನ ಬಳಕೆ ಇನ್ನಷ್ಟು ವಿಸ್ತರಿಸಿ ಸಾವಿರಾರು ಕುಟುಂಬಗಳಿಗೆ ಅನ್ನ ದೊರೆಯಿತು. ಕಲ್ಲು ತೆಗೆದ ಗುಂಡಿಗಳೂ ಉಳಿದವು.

ಅಭಯಾರಣ್ಯವೆಂದ ಮಾತ್ರಕ್ಕೆ ಕಾಡಿನ ಮಗ್ಗುಲಲ್ಲಿರುವ ಬಡವರನ್ನು ಅಪರಾಧಿಗಳಂತೆ ಕಾಣುವುದು ನ್ಯಾಯವಲ್ಲ. ಬೀಡಿಎಲೆ, ಸೀತಾಫಲ, ಸೌದೆ, ಮೇವು ಇವು ಅವರಿಗೆ ವಿಲಾಸವಲ್ಲ, ಜೀವನ. ಕಾಡು ಉಳಿದುದರ ಫಲವಾಗಿ ಕೆಳಗಿನ ಊರುಗಳು ನೀರು ಕುಡಿಯುತ್ತವೆ, ಕಾಡನ್ನು ಮುಟ್ಟಬೇಡವೆಂಬ ಕಟ್ಟಳೆಯ ಭಾರ ಮಾತ್ರ ಮೇಲಿನ ತಾಂಡಾಗಳ ಮೇಲೆ ಬೀಳುತ್ತದೆ. ಈ ಭಾರ ಹಂಚಿಕೆಯಾಗದೆ ಕಾಡು ಬಹುಕಾಲ ಉಳಿಯದು. ದಾಸೋಹವೆಂದರೆ ಉಂಡು ಮಿಕ್ಕಿದ್ದನ್ನು ಕೊಡುವುದಲ್ಲ, ತನ್ನದೆಂಬುದು ಸಮಾಜದ್ದೆಂದು ತಿಳಿದು ಸಲ್ಲಿಸುವುದು. ನೀರಿನ ಋಣವನ್ನು ತೀರಿಸುವುದೂ ದಾಸೋಹವೇ.

ಶಾಲೆಯ ಕರ್ತವ್ಯ

ಶಾಲೆಗಳು ಈ ವಿಷಯದಲ್ಲಿ ಮಾಡಬಹುದಾದ ಕಾರ್ಯ ದೊಡ್ಡ ವೆಚ್ಚದ್ದಲ್ಲ. ಶೈಕ್ಷಣಿಕ ಪ್ರವಾಸವೆಂದರೆ ದೂರದ ಊರೇ ಆಗಬೇಕೆಂಬ ನಿಯಮವಿಲ್ಲ. ಮಳಖೇಡದ ಕೋಟೆ, ನಾಗಾವಿಯ ಶಾಸನ, ಹೊನಗುಂಟಾದ ಸಂಗಮ, ಚಂದ್ರಂಪಳ್ಳಿಯ ಕಾಡು ಇವನ್ನು ಒಂದೇ ಹೊಳೆಯ ಜಾಡಿನಲ್ಲಿ ತೋರಿಸಿದರೆ ಚರಿತ್ರೆ, ಭೂಗೋಳ, ವಿಜ್ಞಾನ ಮೂರೂ ಪಾಠಗಳು ಒಂದಾಗುತ್ತವೆ. ಶಾಲೆಯ ಅಂಗಳದಲ್ಲಿ ಮಳೆಮಾಪಕವಿಟ್ಟು ಆರಿದ್ರಾ ಎಷ್ಟು ಸುರಿಯಿತು, ಹಸ್ತಾ ಎಷ್ಟು ಸುರಿಯಿತು ಎಂದು ಮಕ್ಕಳಿಂದಲೇ ಬರೆಸಬಹುದು. ಊರ ಗಾಯರಾಣದ ಹುಲ್ಲುಗಳ ಹೆಸರನ್ನು ಕುರಿಗಾಹಿಗಳಾದ ಹಿರಿಯರಿಂದ ಕೇಳಿ ದಾಖಲಿಸಬಹುದು. ಆ ಹಿರಿಯರು ಶಾಲೆಯ ಮೆಟ್ಟಿಲು ಹತ್ತದಿರಬಹುದು, ಆದರೆ ಈ ಪಾಠದಲ್ಲಿ ಗುರುಗಳು ಅವರೇ.

ಮಾನ್ಯಖೇಟದ ಅರಮನೆ ಅಳಿಯಿತು, ನಾಗಾವಿಯ ಗ್ರಂಥಭಂಡಾರ ಮರೆಯಾಯಿತು. ಅವುಗಳ ಕಾಲಕ್ಕೂ ಹಿಂದಿನಿಂದ ಇದ್ದ ಕಾಗಿಣಾ ಮಾತ್ರ ಇಂದಿಗೂ ಹರಿಯುತ್ತಿದೆ. ಅಳಿದುದನ್ನು ಸ್ಮರಿಸುವುದು ಸಂಸ್ಕಾರ, ಉಳಿದುದನ್ನು ಕಾಪಾಡುವುದು ಕರ್ತವ್ಯ. ಬಿಸಿಲುನಾಡಿನ ಮಗು ಒಣಹುಲ್ಲಿನ ಗುಡ್ಡವನ್ನು ನೋಡಿ ‘ಇದು ಪಾಳಲ್ಲ, ಇದರಡಿಯಲ್ಲಿ ನೀರಿದೆ’ ಎಂದು ಗುರುತಿಸಿದ ದಿನ ಈ ಪಾಠ ಸಾರ್ಥಕವಾದೀತು.